ಮಗುವಿನ ತೂಕ ಕೇಳದ ಸಲಹೆಯನ್ನು ನಂಬಬೇಡಿ

ಸಂಪಾದಕರಿಗೆ,

ಮಾನ್ಯರೇ,

ಎಳೆಯ ಮಕ್ಕಳ ತಂದೆ ತಾಯಿ ಈಗ ಮೊದಲು ಪ್ರಶ್ನೆ ಕೇಳುವುದು ಮೊಬೈಲನ್ನು. ನೆಂಟರ ವಾಟ್ಸ್‌ಆ್ಯಪ್ ಗುಂಪು, ಯೂಟ್ಯೂಬ್ ಚಾನೆಲ್, ರೀಲ್ಸ್, ಈಚೆಗೆ ಕನ್ನಡದಲ್ಲೇ ಉತ್ತರಿಸುವ ಚಾಟ್‌ಬಾಟ್ ಎಲ್ಲವೂ ಕೈಯಳತೆಯಲ್ಲಿವೆ. ಅದಕ್ಕಾಗಿ ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅಜ್ಜಿ ಇನ್ನೊಂದು ಊರಿನಲ್ಲಿದ್ದಾರೆ, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ, ರಾತ್ರಿ ಎರಡು ಗಂಟೆಗೆ ಮಗುವಿನ ಮೈ ಬಿಸಿಯಾದರೆ ಅವರು ಯಾರನ್ನು ಕೇಳಬೇಕು? ಮಕ್ಕಳ ಆರೋಗ್ಯದ ಕೆಲಸದಲ್ಲಿರುವ ನಮ್ಮ ತಕರಾರು ಇಷ್ಟೇ: ಅಲ್ಲಿ ಸಿಗುವ ಉತ್ತರಗಳಲ್ಲಿ ಬಹುಪಾಲು ಮಗುವಿನ ವಯಸ್ಸನ್ನೂ ತೂಕವನ್ನೂ ಕೇಳದೆ ಕೊಟ್ಟವು. ಇವೆರಡು ತಿಳಿಯದೆ ಮಗುವಿನ ಔಷಧಿಯ ಬಗ್ಗೆಯಾಗಲಿ ಊಟದ ಬಗ್ಗೆಯಾಗಲಿ ಹೇಳಬಹುದಾದದ್ದು ಬಹಳ ಕಡಿಮೆ.

ಜ್ವರದ ಔಷಧಿಯನ್ನೇ ನೋಡಿ. ಪ್ಯಾರಾಸಿಟಮಾಲ್ ಅನ್ನು ಮಗುವಿನ ಪ್ರತಿ ಕಿಲೊ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. 6 ಕಿಲೊ ತೂಗುವ ಕೂಸಿಗೆ ಹೆಚ್ಚೆಂದರೆ 90 ಮಿಲಿಗ್ರಾಂ. ಆದರೆ ಅದೇ ಔಷಧಿ ಅಂಗಡಿಯಲ್ಲಿ ಮೂರು ಬಗೆಯಲ್ಲಿ ಸಿಗುತ್ತದೆ. ಡ್ರಾಪ್ಸ್ ಆದರೆ ಸಾಮಾನ್ಯವಾಗಿ 1 ಮಿ.ಲೀ.ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ಗಳಲ್ಲಿ ಒಂದು ಬಗೆಯದರಲ್ಲಿ 5 ಮಿ.ಲೀ.ಗೆ 120 ಅಥವಾ 125 ಮಿಲಿಗ್ರಾಂ, ಇನ್ನೊಂದರಲ್ಲಿ 250. ಅಂದರೆ ಅದೇ 90 ಮಿಲಿಗ್ರಾಂಗೆ ಡ್ರಾಪ್ಸ್ 0.9 ಮಿ.ಲೀ. ಸಾಕು, ಮೊದಲ ಸಿರಪ್ ಸುಮಾರು 3.7 ಮಿ.ಲೀ. ಬೇಕು, ಎರಡನೆಯದು 1.8 ಮಿ.ಲೀ. ಗುಂಪಿನಲ್ಲಿ ಯಾರೋ ‘ನಾವು ಮೂರೂಮುಕ್ಕಾಲು ಎಂ.ಎಲ್. ಕೊಟ್ಟೆವು, ಜ್ವರ ಇಳಿಯಿತು’ ಎಂದು ಬರೆಯುತ್ತಾರೆ. ಓದಿದವರ ಮನೆಯಲ್ಲಿ ಇರುವುದು ಡ್ರಾಪ್ಸ್. ಅದನ್ನೇ ಮೂರೂಮುಕ್ಕಾಲು ಮಿ.ಲೀ. ಕುಡಿಸಿದರೆ 375 ಮಿಲಿಗ್ರಾಂ ಆಯಿತು, ಕೊಡಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಹಾಗೆ ಮತ್ತೆ ಮತ್ತೆ ಕೊಟ್ಟರೆ ಪೆಟ್ಟು ಬೀಳುವುದು ಯಕೃತ್ತಿಗೆ. ತಿರುಗಾಮುರುಗಾ ಆದಾಗ, ಅಂದರೆ ಡ್ರಾಪ್ಸ್‌ನ ಅಳತೆಯಲ್ಲಿ ಮೊದಲ ಬಗೆಯ ಸಿರಪ್ ಕೊಟ್ಟಾಗ, ಮಗುವಿಗೆ ಸೇರುವುದು ಇಪ್ಪತ್ತು ಚಿಲ್ಲರೆ ಮಿಲಿಗ್ರಾಂ ಮಾತ್ರ. ಜ್ವರ ಇಳಿಯುವುದಿಲ್ಲ, ‘ಈ ಔಷಧಿ ನಾಟುತ್ತಿಲ್ಲ’ ಎಂದು ಇನ್ನೂ ಜೋರಿನದ್ದನ್ನು ತರಲು ಓಡುತ್ತಾರೆ.

ಇದಕ್ಕೆ ಪರಿಹಾರ ಸರಳವಾಗಿದೆ. ಲಸಿಕೆಗೆ ಹೋದ ದಿನ ಮಗುವಿನ ತೂಕ ನೋಡಿಸಿ, ಮನೆಯಲ್ಲಿರುವ ಬಾಟಲಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ‘ಇದರಲ್ಲಿ ಎಷ್ಟು?’ ಎಂದು ವೈದ್ಯರನ್ನೋ ಆರೋಗ್ಯ ಸಹಾಯಕಿಯನ್ನೋ ಕೇಳಿ. ಉತ್ತರವನ್ನು ತಾರೀಖು, ತೂಕದ ಸಮೇತ ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಸಿ. ಅಳೆಯಲು ಅಡುಗೆಮನೆಯ ಚಮಚ ಬೇಡ, ಅದರ ಅಳತೆ ಮನೆಗೊಂದು. ಬಾಟಲಿ ಜತೆ ಬರುವ ಫಿಲ್ಲರ್ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿ. ಎರಡು ಸಲದ ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರವಿರಲಿ, 24 ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು. ಮಳೆಗಾಲದಲ್ಲಿ, ಡೆಂಗಿ ಇರುವ ಊರುಗಳಲ್ಲಿ, ಐಬುಪ್ರೊಫೆನ್ ಅಥವಾ ಮೆಫೆನಮಿಕ್ ಆಸಿಡ್ ಇರುವ ಜ್ವರದ ಔಷಧಿಯನ್ನು ವೈದ್ಯರು ಹೇಳದೆ ಕೊಡಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇನ್ನು ಎರಡು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ಬಂದರೆ ಮನೆಯಲ್ಲಿ ಯಾವ ಲೆಕ್ಕವೂ ಬೇಡ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಕೆಮ್ಮಿನ ಸಿರಪ್ ಬಗ್ಗೆ ಒಂದೇ ಮಾತು. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಸಾವುಗಳ ನಂತರ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎಲ್ಲ ರಾಜ್ಯಗಳಿಗೆ ಬರೆದದ್ದು ಸ್ಪಷ್ಟವಾಗಿದೆ: ಎರಡು ವರ್ಷದೊಳಗೆ ಕೆಮ್ಮು ನೆಗಡಿ ಔಷಧಿ ಕೂಡದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ. ಯಾವ ರೀಲ್ಸ್ ಏನೇ ಹೇಳಲಿ.

ಭೇದಿಯ ವಿಷಯದಲ್ಲಿ ತಪ್ಪು ಮಾಹಿತಿ ಅಂಗಡಿಯ ಕಪಾಟಿನಲ್ಲೇ ಕುಳಿತಿತ್ತು. ಭೇದಿಯಲ್ಲಿ ಕಳೆದುಹೋದ ನೀರು, ಲವಣವನ್ನು ತುಂಬಿಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಒಂದು ಲೀಟರ್ ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರಬೇಕು. ಟೆಟ್ರಾಪ್ಯಾಕಿನಲ್ಲಿ ಓಆರ್‌ಎಸ್ ಎಂಬ ಮೂರಕ್ಷರ ಹಚ್ಚಿಕೊಂಡು ಮಾರಾಟವಾಗುತ್ತಿದ್ದ ಹಣ್ಣಿನ ರುಚಿಯ ಪಾನೀಯಗಳಲ್ಲಿ ಸಕ್ಕರೆ ಇದರ ಹಲವು ಪಟ್ಟು, ಲವಣ ತೀರಾ ಕಡಿಮೆ. ಅಷ್ಟು ಸಕ್ಕರೆ ಕರುಳಿಗಿಳಿದರೆ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಇನ್ನೂ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಇಂಥ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಬಾರದೆಂದು ಆದೇಶಿಸಿತು. ಆದರೂ ‘ಓಆರ್‌ಎಸ್ ಕೊಡಿ’ ಎಂದು ಕೇಳಿದವರ ಕೈಗೆ ಬೇರೆ ಹೆಸರಿನ ಅದೇ ಬಗೆಯ ಪಾನೀಯ ಬರಬಹುದು. ಪ್ಯಾಕಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಪುಡಿಯನ್ನೇ ಕೇಳಿ ಪಡೆಯಿರಿ. ಆಶಾ ಕಾರ್ಯಕರ್ತೆಯ ಬಳಿ, ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಪುಕ್ಕಟೆ.

ಕಲಸುವಾಗ ಆಗುವ ತಪ್ಪು ಬೇರೆಯದು. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ಮಗು ಅಷ್ಟೊಂದು ಕುಡಿಯುವುದಿಲ್ಲ ಎಂದು ದೊಡ್ಡ ಪ್ಯಾಕೆಟ್‌ನ ಅರ್ಧವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ವಿಪರೀತವಾಗಿ ಫಿಟ್ಸ್ ಬರುವವರೆಗೂ ಹೋಗಬಹುದು. ಇಡೀ ಪ್ಯಾಕೆಟ್ಟನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಿ, ಮಿಕ್ಕಿದ್ದನ್ನು 24 ಗಂಟೆಯ ನಂತರ ಚೆಲ್ಲಿ. ಚೆಲ್ಲಿದ್ದಕ್ಕೆ ಮರುಗಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200. ಬಾಟಲಿಯಲ್ಲಿ ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ. ಒಂದೊಂದು ಚಮಚದಂತೆ, ನಿಮಿಷಕ್ಕೊಮ್ಮೆ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಶುರು ಮಾಡಿ. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬೇಡಿ. ಜತೆಗೆ ಕೊಡುವ ಜಿಂಕ್ ಮಾತ್ರೆ 14 ದಿನದ್ದು: 2ರಿಂದ 6 ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳ ಮೇಲೆ 20. ಮೂರನೇ ದಿನ ಭೇದಿ ನಿಂತಿತೆಂದು ಬಿಡುವವರೇ ಹೆಚ್ಚು. ಉಳಿದ ದಿನಗಳ ಮಾತ್ರೆ ಮುಂದಿನ ತಿಂಗಳುಗಳಲ್ಲಿ ಭೇದಿ ಮರುಕಳಿಸದಿರಲೆಂದು ಇರುವುದು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲು ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯ ಉಪಚಾರ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲವನ್ನು ಎಲ್ಲಿ ಹುಡುಕುವುದು ಎಂದು ಕೇಳಿದರೆ, ಬಹುಪಾಲು ಮನೆಗಳಲ್ಲಿ ಅದು ಆಗಲೇ ಇದೆ. ಗರ್ಭಿಣಿಯಾಗಿ ಹೆಸರು ನೋಂದಾಯಿಸಿದಾಗ ಕೊಡುವ ತಾಯಿ ಕಾರ್ಡ್ ಬೀರುವಿನಲ್ಲಿ ಆಧಾರ್ ಜತೆ ಮಡಚಿಕೊಂಡಿರುತ್ತದೆ. ಲಸಿಕೆಗೋ ಸಹಾಯಧನಕ್ಕೋ ಮಾತ್ರ ಹೊರಬರುತ್ತದೆ. ಅದರಲ್ಲಿ ಲಸಿಕೆಯ ಪಟ್ಟಿ, ಬೆಳವಣಿಗೆಯ ನಕ್ಷೆ, ಯಾವ ತಿಂಗಳಲ್ಲಿ ಮಗು ಏನು ಮಾಡಬೇಕು, ಅಪಾಯದ ಲಕ್ಷಣ ಯಾವುವು ಎಲ್ಲವೂ ಇವೆ. ಅದರ ಜತೆ ಒಬ್ಬ ಮನುಷ್ಯಳೂ ಬರುತ್ತಾಳೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬರಬೇಕು. ನಂತರ ಮಗುವಿಗೆ 3, 6, 9, 12, 15 ತಿಂಗಳಾದಾಗ ಮತ್ತೆ ಐದು ಸಲ. ಮಗುವಿನ ತೂಕ ನೋಡಿ, ಮೈ ಮುಟ್ಟಿ, ಮುಂದಿನ ಸಲ ಬಂದಾಗ ಹೇಗಿದೆ ಎಂದು ಹೋಲಿಸಬಲ್ಲ ಸಲಹೆಗಾರ್ತಿ ಇವಳು. ಯಾವ ಆ್ಯಪ್ ಕೂಡ ಇದನ್ನು ಮಾಡಲಾರದು.

ಇಲ್ಲಿ ನಮ್ಮ ಕಡೆಯದೇ ಒಂದು ತೊಡಕಿದೆ. ಮೊದಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಮೂರರಿಂದ ಐದು ತಿಂಗಳು ಅಲ್ಲಿಯೇ ಬಾಣಂತನ. ಹೆಸರು ಗಂಡನ ಊರಿನ ಆಶಾ ಬಳಿ ಇರುತ್ತದೆ. ತವರೂರಿನ ಆಶಾಗೆ ಈ ಮನೆಯಲ್ಲಿ ಕೂಸಿದೆ ಎಂಬುದೇ ಗೊತ್ತಿರುವುದಿಲ್ಲ. ಆರು ಭೇಟಿಗಳೂ ತಪ್ಪಿಹೋಗುವುದು ಹೀಗೆ, ಅದೂ ಮಗು ಅತ್ಯಂತ ನಾಜೂಕಾಗಿರುವ ಆರು ವಾರಗಳಲ್ಲಿ. ಏಳನೇ ತಿಂಗಳಲ್ಲಿ ತವರಿಗೆ ಹೊರಡುವಾಗ ಗಂಡನ ಊರಿನ ಆಶಾಗೆ ತಿಳಿಸಿ ಕಾರ್ಡ್ ಜತೆಗೆ ಒಯ್ಯಿರಿ. ತವರಿಗೆ ಬಂದ ವಾರದಲ್ಲೇ ಅಲ್ಲಿನ ಅಂಗನವಾಡಿಗೆ ಹೋಗಿ ಹೆಸರು ಬರೆಸಿ, ಆಶಾಳ ನಂಬರನ್ನು ಕಾರ್ಡಿನ ರಟ್ಟಿನ ಮೇಲೆ ಬರೆದಿಟ್ಟುಕೊಳ್ಳಿ. ಬಾಣಂತಿಯ ಅಮ್ಮ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು.

ಆಶಾ ಬಂದಾಗ ಅವಳಿಂದ ಕಲಿಯಬೇಕಾದದ್ದು ಉಸಿರು ಎಣಿಸುವುದು. ಮಗು ಅಳದೆ ಮಲಗಿದ್ದಾಗ ಅಂಗಿ ಎತ್ತಿ, ಹೊಟ್ಟೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಬಾರದು, ಎಳೆಗೂಸುಗಳ ಉಸಿರು ಒಂದೇ ಸಮನಿರುವುದಿಲ್ಲ. ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ಅದು ವೇಗದ ಉಸಿರು. ಕೆಮ್ಮಿನ ಜತೆ ಹೀಗಿದ್ದರೆ ನ್ಯುಮೋನಿಯಾ ಇರಬಹುದು. ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿದ್ದರೆ 108ಕ್ಕೆ ಕರೆ ಮಾಡಿ.

ತೂಕದ ನಕ್ಷೆಯನ್ನು ಓದುವುದನ್ನೂ ಕೇಳಿ ಕಲಿಯಿರಿ. ‘ಅವರ ಮಗು ಒಂಬತ್ತು ಕಿಲೊ, ನಮ್ಮದು ಎಂಟೇ’ ಎಂಬ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲ. ತಿಂಗಳು ತಿಂಗಳು ಹಾಕಿದ ಚುಕ್ಕಿಗಳನ್ನು ಕೂಡಿಸಿದ ಗೆರೆ ಮೇಲಕ್ಕೆ ಹೋಗುತ್ತಿದೆಯೇ ಎಂಬುದು ಮುಖ್ಯ. ಹಸಿರು ಪಟ್ಟಿಯಲ್ಲೇ ಇದ್ದರೂ ಗೆರೆ ಎರಡು ತಿಂಗಳು ಮಲಗಿದರೆ ಕಾರಣ ಹುಡುಕಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಮೇಲ್ದೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕಾಗಬಹುದು. ಟಾನಿಕ್ ಹುಡುಕುತ್ತಾ ಕೂರಬಾರದು.

ಅಜ್ಜಿಯರ ಮಾತು ಕೇಳಬೇಕೋ ಬೇಡವೋ ಎಂಬ ಜಗಳ ಮನೆಮನೆಯಲ್ಲಿದೆ. ನಮ್ಮ ಅಭಿಪ್ರಾಯದಲ್ಲಿ ಅಜ್ಜಿಯನ್ನು ಒಟ್ಟಾರೆ ತಳ್ಳಿಹಾಕುವುದು ದೊಡ್ಡ ನಷ್ಟ. ಮೊಳಕೆ ಬರಿಸಿದ ರಾಗಿಯ ಸರಿಯನ್ನೇ ತೆಗೆದುಕೊಳ್ಳಿ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಮೊಳಕೆ ಉಜ್ಜಿ ತೆಗೆದು ಬೀಸಿ ಜರಡಿ ಹಿಡಿಯುವ ಆ ಕ್ರಮಕ್ಕೆ ಗಟ್ಟಿ ಕಾರಣವಿದೆ. ಮೊಳೆತ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟಂಟಾಗುವುದಿಲ್ಲ, ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ಕಪ್ಪಾಗುವಂತೆ ಹುರಿದರೆ ಕಿಣ್ವ ಸಾಯುತ್ತದೆ. ನೀರು ಹೆಚ್ಚಾಗಿ ಅಂಬಲಿಯಂತಾದರೆ ಹೊಟ್ಟೆ ತುಂಬುತ್ತದೆಯೇ ಹೊರತು ತೂಕ ಏರುವುದಿಲ್ಲ. ಚಮಚ ಓರೆ ಮಾಡಿದಾಗ ಸುರಿದುಹೋಗದಷ್ಟು ಗಟ್ಟಿ ಇರಲಿ, ಒಂದು ಚಮಚ ತುಪ್ಪವೋ ಎಣ್ಣೆಯೋ ಬೆರೆಸಿ. ಆರು ತಿಂಗಳು ತುಂಬಿದಾಗ ಎರಡು ಮೂರು ಚಮಚದಿಂದ ಶುರುಮಾಡಿ, ಎಂಟು ತಿಂಗಳ ಹೊತ್ತಿಗೆ 250 ಮಿ.ಲೀ. ಬಟ್ಟಲಿನ ಅರ್ಧದಷ್ಟನ್ನು ದಿನಕ್ಕೆ ಎರಡು ಮೂರು ಸಲ, ಒಂಬತ್ತರಿಂದ ಮೂರು ನಾಲ್ಕು ಸಲ, ವರ್ಷವಾದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಆದರೆ ಕಬ್ಬಿಣಾಂಶಕ್ಕೆ ಅದೊಂದೇ ಸಾಲದು. ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ ಮಾಂಸ ಸೇರಬೇಕು. ಆಶಾ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ಆರು ತಿಂಗಳ ಮೇಲೆ ವಾರಕ್ಕೆ ಎರಡು ಸಲ 1 ಮಿ.ಲೀ. ಹಾಕಬೇಕು. ಮಲ ಕಪ್ಪಗಾಯಿತೆಂದು ಹೆದರಿ ನಿಲ್ಲಿಸುತ್ತಾರೆ. ಅದು ಕಬ್ಬಿಣದ ಬಣ್ಣ, ಅಪಾಯವಲ್ಲ.

ಅಜ್ಜಿಯ ಪಟ್ಟಿಯಲ್ಲಿ ಬಿಡಲೇಬೇಕಾದವೂ ಇವೆ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ನೆಕ್ಕಿಸುವುದು ಬೇಡ. ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಜೇನಿನೊಳಗಿನ ಬಾಟ್ಯುಲಿಸಂ ಬೀಜಾಣು ಮೊಳೆತು ನರಗಳನ್ನು ಕುಗ್ಗಿಸುವ ವಿಷ ಹುಟ್ಟಬಹುದು. ಮೂಗಿಗೂ ಕಿವಿಗೂ ಎಣ್ಣೆ ಬಿಟ್ಟರೆ ಮೂಗಿನದು ಶ್ವಾಸಕೋಶಕ್ಕೆ ಇಳಿಯಬಹುದು. ಬಜೆ ತೇಯ್ದು ಕುಡಿಸಿದಾಗ ಎಷ್ಟು ಹೋಯಿತೆಂದು ಯಾರಿಗೂ ತಿಳಿಯದು, ತೇಯ್ದ ಕಲ್ಲಿನ ಕೊಳೆಯೂ ಹೊಟ್ಟೆಗೆ ಹೋಗುತ್ತದೆ. ಬೀದಿಯಲ್ಲಿ ಕರೆದು ಹಸಿಯಾಗಿಯೇ ಕುಡಿಸುವ ಕತ್ತೆ ಹಾಲು, ಕಣ್ಣಿಗೆ ಕಾಡಿಗೆ, ಹೊಕ್ಕುಳಿಗೆ ಬೂದಿ ಅಥವಾ ಎಣ್ಣೆ, ಬಾಗಿಲು ಮುಚ್ಚಿ ಹಾಕುವ ಧೂಪದ ಹೊಗೆ, ಆರು ತಿಂಗಳೊಳಗೆ ನೀರು ಅಥವಾ ಗ್ರೈಪ್ ವಾಟರ್ ಇವ್ಯಾವುವೂ ಬೇಡ. ಕಾಮಾಲೆಗೆ, ಫಿಟ್ಸಿಗೆ ಬರೆ ಹಾಕುವುದಂತೂ ಕ್ರೌರ್ಯ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಅಥವಾ ಅಂಗೈ ಅಂಗಾಲು ಹಳದಿಯಾದರೆ ಬಿಸಿಲು ಕಾಯಿಸುತ್ತಾ ಕೂರದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನೆಲ್ಲ ಸೊಸೆ ಹೇಳಿದರೆ ಮನಸ್ತಾಪ. ಆಶಾ ಬರುವ ದಿನ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡರೆ ಮಾತು ನೇರ ಅವರಿಗೇ ತಲುಪುತ್ತದೆ.

ಜಾಲದಲ್ಲಿ ಸಿಗುವ ಮಾಹಿತಿಯಲ್ಲಿ ಪರದೇಶದ್ದು ಬೆರೆತಿರುತ್ತದೆ ಎಂಬುದನ್ನೂ ನೆನಪಿಡಬೇಕು. ಅಮೆರಿಕದ ಲಸಿಕೆ ಪಟ್ಟಿಯಲ್ಲಿ ಎಲ್ಲ ಮಕ್ಕಳಿಗೂ ಕ್ಷಯದ ಲಸಿಕೆಯಾದ ಬಿಸಿಜಿ ಇಲ್ಲ, ದಡಾರದ ಮೊದಲ ಲಸಿಕೆ ವರ್ಷ ತುಂಬಿದ ಮೇಲೆ. ನಮ್ಮಲ್ಲಿ ಹುಟ್ಟಿದಾಗಲೇ ಬಿಸಿಜಿ, ದಡಾರ-ರುಬೆಲ್ಲಾ ಒಂಬತ್ತು ತಿಂಗಳಿಗೆ. ಇಲ್ಲಿ ಕ್ಷಯವೂ ದಡಾರವೂ ಮಗುವನ್ನು ಬೇಗ ತಲುಪುತ್ತವೆ, ಅದಕ್ಕೇ ಈ ವ್ಯತ್ಯಾಸ. ಅಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ಪಟ್ಟಿಯನ್ನು, ಇಲ್ಲಿನವರು ಇಲ್ಲಿನದನ್ನು ಪಾಲಿಸಬೇಕು. ಒಂದು ಡೋಸ್ ತಪ್ಪಿದರೆ ಮೊದಲಿನಿಂದ ಶುರುಮಾಡಬೇಕೆಂಬುದೂ ಸುಳ್ಳು, ನಿಂತಲ್ಲಿಂದ ಮುಂದುವರಿಸಿದರಾಯಿತು. ಸಾಮಾನ್ಯ ನೆಗಡಿಯಿದೆ ಎಂದು ಲಸಿಕೆ ಮುಂದೂಡಬೇಕಿಲ್ಲ. ಚುಚ್ಚಿದ ಜಾಗವನ್ನು ತಿಕ್ಕುವುದು, ಶಾಖ ಕೊಡುವುದು ಬೇಡ.

ಸಲಹೆ ಕೊಡುವವರು ಏನನ್ನಾದರೂ ಮಾರುತ್ತಿದ್ದಾರೆಯೇ ಎಂದು ನೋಡುವುದು ಇನ್ನೊಂದು ಪರೀಕ್ಷೆ. ಹಾಲಿನ ಪುಡಿ, ಫೀಡಿಂಗ್ ಬಾಟಲಿ, ಎರಡು ವರ್ಷದೊಳಗಿನವರ ಡಬ್ಬಿ ಆಹಾರ ಇವುಗಳ ಜಾಹೀರಾತನ್ನು 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ. ‘ಅಮ್ಮಂದಿರ ಅನುಭವ’ ಎಂಬ ಹೆಸರಿನ ವಿಡಿಯೊ ಕೊನೆಯಲ್ಲಿ ಡಬ್ಬಿಯನ್ನೂ ರಿಯಾಯಿತಿ ಕೋಡನ್ನೂ ತೋರಿಸಿದರೆ ಅದರ ಮೊದಲ ಹತ್ತು ನಿಮಿಷವನ್ನೂ ನಂಬಬೇಕಿಲ್ಲ.

ಮಾತು ತಡವಾದ ಮಕ್ಕಳ ವಿಷಯದಲ್ಲಿ ಸಮಾಧಾನದ ಮಾತುಗಳೇ ಹಾನಿ ಮಾಡುತ್ತಿವೆ. ‘ಗಂಡುಮಕ್ಕಳು ತಡವಾಗಿಯೇ ಮಾತಾಡುತ್ತಾರೆ, ಕಾಯಿರಿ’ ಎಂದು ನೂರು ಜನ ಬರೆಯುತ್ತಾರೆ. ಹದಿನಾರು ತಿಂಗಳಿಗೆ ಒಂದೂ ಪದವಿಲ್ಲ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂತೆ ಎರಡು ಪದ ಕೂಡಿಸುವುದಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಬಂದ ಮಾತು ಹೋಯಿತು ಎಂದಾದರೆ ಕಾಯಬಾರದು. ಮೊದಲು ಕಿವಿಯ ಪರೀಕ್ಷೆ ಆಗಬೇಕು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ, ಜಿಲ್ಲಾ ಆಸ್ಪತ್ರೆಗೆ ಬರೆಸಿಕೊಳ್ಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ನಮ್ಮ ರಾಜ್ಯದಲ್ಲೇ ಇವೆ. ಎರಡು ವರ್ಷದೊಳಗೆ ಮೊಬೈಲ್, ಟಿ.ವಿ. ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ತಜ್ಞರ ಸಂಘ 2021ರಲ್ಲೇ ಹೇಳಿದೆ. ಊಟ ಮಾಡಿಸಲು ಮೊಬೈಲ್ ಹಿಡಿಸುವ ಮನೆಗಳು ಇದನ್ನು ಗಮನಿಸಬೇಕು.

ಬಾಣಂತಿಗೆ ಎರಡು ವಾರ ಮೀರಿಯೂ ಅಳು ನಿಲ್ಲದಿದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, ಅದನ್ನು ಸೊಕ್ಕು ಅಥವಾ ದೃಷ್ಟಿ ಎನ್ನಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಉಳಿದ ಆರೋಗ್ಯದ ಸಂದೇಹಗಳಿಗೆ 104 ಇದೆ. ಯಾರಿಗೆ ಕರೆ ಮಾಡಿದರೂ ಮಗುವಿನ ವಯಸ್ಸು, ಕಡೆಯ ಸಲ ನೋಡಿದ ತೂಕ, ಎಷ್ಟು ಹೊತ್ತಿನಿಂದ ತೊಂದರೆ, ಕೊನೆಯ ಮೂತ್ರ ಯಾವಾಗ, ಈಗಾಗಲೇ ಏನು ಕೊಟ್ಟಿದ್ದೀರಿ ಎಂಬ ಐದನ್ನು ಹೇಳಿ. ಚಾಟ್‌ಬಾಟ್ ಕೇಳುವವರೂ ಅಷ್ಟೇ. ಅದು ಕೊಟ್ಟ ಅಳತೆಯನ್ನು ಬಾಟಲಿಯ ಲೇಬಲ್ ಮತ್ತು ಒಬ್ಬ ವೈದ್ಯರ ಮಾತಿನ ಜತೆ ತಾಳೆ ನೋಡದೆ ಮಗುವಿನ ಬಾಯಿಗೆ ಹಾಕಬೇಡಿ.

ಕೊನೆಗೆ ಮೂವರಲ್ಲಿ ಬೇಡಿಕೆ. ಆರೋಗ್ಯ ಇಲಾಖೆ ತಾಯಿ ಕಾರ್ಡಿನ ಅಕ್ಷರ ದೊಡ್ಡದು ಮಾಡಲಿ, ತವರೂರಿನ ಆಶಾಳ ಹೆಸರು ನಂಬರಿಗೆ ಪ್ರತ್ಯೇಕ ಜಾಗ ಬಿಡಲಿ. ಔಷಧಿ ಅಂಗಡಿಯವರು ಪ್ಯಾರಾಸಿಟಮಾಲ್ ಕೊಡುವಾಗ ‘ಮಗುವಿನ ತೂಕ ಎಷ್ಟು, ಮನೆಯಲ್ಲಿ ಬೇರೆ ಬಾಟಲಿ ಇದೆಯೇ’ ಎಂದು ಕೇಳುವ ರೂಢಿ ಇಟ್ಟುಕೊಳ್ಳಲಿ. ನಿಮ್ಮ ಪತ್ರಿಕೆ ವಾರಕ್ಕೊಮ್ಮೆ ಕಾಲು ಪುಟವನ್ನು ಇದಕ್ಕೆ ಕೊಡಲಿ: ಪ್ರತಿ ಉತ್ತರದಲ್ಲೂ ವಯಸ್ಸು, ತೂಕ, ಯಾವಾಗ ಮನೆಯ ಉಪಚಾರ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕೆಂಬುದು ಇರಬೇಕು, ಪಕ್ಕದಲ್ಲಿ ಮಕ್ಕಳ ಆಹಾರದ ಜಾಹೀರಾತು ಇರಬಾರದು. ಅದನ್ನು ಕತ್ತರಿಸಿ ಕಾರ್ಡಿನೊಳಗೆ ಇಟ್ಟುಕೊಳ್ಳುವ ಅಳತೆಯಲ್ಲಿ ಅಚ್ಚು ಹಾಕಿದರೆ ಇನ್ನೂ ಒಳ್ಳೆಯದು.

ಇಂತಿ,
ಮಕ್ಕಳ ಆರೋಗ್ಯ ಮತ್ತು ಅಂಗನವಾಡಿ ಕ್ಷೇತ್ರದಲ್ಲಿ ಕೆಲಸ ಮಾಡುವ ಕೆಲವು ಓದುಗರು